ಸೂರ್ಯನಿಗಿಂತ ಮೊದಲು ಬೆಳಕು ಬಂದದ್ದು ಹೇಗೆ?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈಸ್ಟರ್ ಜಾಗರಣೆಯ ರಾತ್ರಿ ಇಗರ್ಜಿಯಲ್ಲಿ ಮೊದಲು ಓದುವುದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಯ ಕಥೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲ ಜಾಸ್ತಿ. ಕ್ರೈಸ್ತರಲ್ಲದವರೂ ಬರೆದಿದ್ದಾರೆ, ಖುಷಿಯಾಯಿತು. ಪೂರ್ತಿ ಪುಟವನ್ನು ಇದಕ್ಕೇ ಕೊಡುತ್ತಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಭಾನುವಾರ ಇಗರ್ಜಿಯಲ್ಲಿ ಧರ್ಮೋಪದೇಶದ ಪಾಠವನ್ನೂ ಮಾಡುತ್ತಿದ್ದೆ. ಶುಕ್ರವಾರ ಡಾರ್ವಿನ್, ಭಾನುವಾರ ಆದಾಮ. ಎರಡೂ ಕ್ಲಾಸಿನಲ್ಲಿ ಕೂತಿರುತ್ತಿದ್ದ ಮಕ್ಕಳು ಅವರೇ. ಹಾಗಾಗಿ ಈ ಪ್ರಶ್ನೆಗಳ ಜೊತೆ ನಾನು ತುಂಬಾ ವರ್ಷ ಬದುಕಿದ್ದೇನೆ.

ಪ್ರಶ್ನೆ: ಟೀಚರ್, ನನ್ನ ಮಗ ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದಾನೆ. ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆದ ಮೇಲೆ ಬೈಬಲ್ ಓದುವಾಗ ನಕ್ಕುಬಿಟ್ಟ. 'ಮೊದಲನೇ ದಿನ ಬೆಳಕು, ನಾಲ್ಕನೇ ದಿನ ಸೂರ್ಯ. ಸೂರ್ಯ ಇಲ್ಲದೆ ಮೂರು ದಿನ ಹೇಗಾಯ್ತು ಅಮ್ಮ?' ಅಂದ. ನಾನು ಜೋರಾಗಿ ಬೈದೆ. ಅವನ ಅಜ್ಜಿ ಅತ್ತರು. ಈಗ ಅವನು ಪ್ರಾರ್ಥನೆಗೇ ಕೂರುವುದಿಲ್ಲ. ಏನು ಹೇಳಲಿ? (ಒಬ್ಬ ತಾಯಿ, ಕಲ್ಯಾಣಪುರ)

ಉತ್ತರ: ಅಮ್ಮ, ಮೊದಲು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ನಿನ್ನ ಪ್ರಶ್ನೆ ಸರಿ ಇದೆ' ಎಂದು ಹೇಳಿ. ಸುಮಾರು 1800 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಒರಿಜನ್ ಎಂಬ ಕ್ರೈಸ್ತ ಗುರು ಇದನ್ನೇ ಕೇಳಿದ್ದರು. ಸೂರ್ಯ, ಚಂದ್ರ, ನಕ್ಷತ್ರ ಯಾವುದೂ ಇಲ್ಲದೆ ಮೊದಲ ದಿನಗಳಿಗೆ ಸಂಜೆ ಎಲ್ಲಿಂದ, ಬೆಳಿಗ್ಗೆ ಎಲ್ಲಿಂದ? ಬುದ್ಧಿ ಇದ್ದವರು ಇದನ್ನು ಅಕ್ಷರಕ್ಕೆ ಅಕ್ಷರ ಹಿಡಿಯುತ್ತಾರಾ? ಅವರ ಕಾಲದಲ್ಲಿ ದೂರದರ್ಶಕ ಇರಲಿಲ್ಲ, ಡಾರ್ವಿನ್ ಹುಟ್ಟಿರಲಿಲ್ಲ. ಅದು ವಿಜ್ಞಾನಕ್ಕೆ ಹೆದರಿ ಆಡಿದ ಮಾತಲ್ಲ. ಪುಸ್ತಕವನ್ನು ಗಮನವಿಟ್ಟು ಓದಿದ್ದರಿಂದ ಬಂದ ಮಾತು. ನಿಮ್ಮ ಮಗನೂ ಗಮನವಿಟ್ಟೇ ಓದಿದ್ದಾನೆ, ಅಲ್ವಾ?

ಆಮೇಲೆ ಬಂದ ಸಂತ ಅಗಸ್ಟೀನರು (354–430) ಜೀವನದಲ್ಲಿ ಮತ್ತೆ ಮತ್ತೆ ಆದಿಕಾಂಡಕ್ಕೇ ಮರಳಿದರು. ಆ ಆರು ದಿನಗಳು ನಮ್ಮ ಸಾಮಾನ್ಯ ದಿನಗಳಲ್ಲ, ದೇವರು ಎಲ್ಲವನ್ನೂ ಒಟ್ಟಿಗೇ ಸೃಷ್ಟಿಸಿದರು ಎಂಬುದು ಅವರ ಅಭಿಪ್ರಾಯ. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಆಕಾಶ, ಭೂಮಿ, ನಕ್ಷತ್ರಗಳ ಬಗ್ಗೆ ತಿಳಿದವರ ಮುಂದೆ ಕ್ರೈಸ್ತನೊಬ್ಬ ಬೈಬಲ್ ಹೆಸರು ಹೇಳಿ ತಪ್ಪುತಪ್ಪಾಗಿ ಮಾತಾಡಿದರೆ, ಕೇಳಿದವರು ಬೈಬಲನ್ನೇ ನಂಬುವುದಿಲ್ಲ ಎಂದು. ಇದನ್ನು ನಾನು ಪ್ರತಿ ವರ್ಷ ಧರ್ಮೋಪದೇಶದ ಮೊದಲ ಪಾಠದಲ್ಲಿ ಹೇಳುತ್ತಿದ್ದೆ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಕೂಡ ಆರು ದಿನಗಳ ಕೆಲಸವನ್ನು ಸಾಂಕೇತಿಕ ನಿರೂಪಣೆ ಎಂದೇ ಹೇಳುತ್ತದೆ. ಅಜ್ಜಿಗೆ ಇದನ್ನು ಮೆತ್ತಗೆ ತಿಳಿಸಿ. ಅವರ ನಂಬಿಕೆಗೆ ಇದರಿಂದ ಏನೂ ಕಡಿಮೆ ಆಗುವುದಿಲ್ಲ.

ಒಂದು ರಜೆಯ ದಿನ ಮಗನ ಜೊತೆ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ಅಲ್ಲಿನ ಕಂಬದಂಥ ಕಲ್ಲುಗಳು ಲಾವಾ ತಣ್ಣಗಾಗಿ ಆದವು. ಸುಮಾರು 8.8 ಕೋಟಿ ವರ್ಷ ಹಳೆಯವು. ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಭೂಮಿಗೆ ಸುಮಾರು 454 ಕೋಟಿ ವರ್ಷ, ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಈ ಲೆಕ್ಕಗಳನ್ನು ಮಗ ನಂಬಲಿ, ನೀವೂ ನಂಬಿ. ವಿಶ್ವ ಒಂದು ಬಿಂದುವಿನಿಂದ ಹಿಗ್ಗುತ್ತಾ ಬಂತು ಎಂಬ ವಾದವನ್ನು ಮೊದಲು ಮುಂದಿಟ್ಟವರಲ್ಲಿ ಬೆಲ್ಜಿಯಂ ದೇಶದ ಜಾರ್ಜ್ ಲಮೇತ್ರ್ ಇದ್ದರು. ಅವರು ಕಥೋಲಿಕ ಪಾದ್ರಿ. ಬೆಳಿಗ್ಗೆ ಪೂಜೆ ಅರ್ಪಿಸುತ್ತಿದ್ದ ಕೈಯೇ ಆ ಗಣಿತವನ್ನೂ ಬರೆಯಿತು. ಎರಡನ್ನೂ ಕಲಸಬಾರದು ಎಂದು ಹಟ ಹಿಡಿದವರೂ ಅವರೇ.

ಹಾಗಾದರೆ ಸೃಷ್ಟಿಯ ಕಥೆ ಏನು ಹೇಳುತ್ತದೆ? ಮೊದಲು ಅದರ ಜೋಡಣೆ ನೋಡಿ. ಮೊದಲ ಮೂರು ದಿನ ಮನೆ ಕಟ್ಟುತ್ತಾರೆ, ಮುಂದಿನ ಮೂರು ದಿನ ಆ ಮನೆಗೆ ಒಕ್ಕಲು ಬರುತ್ತದೆ. ಮೊದಲನೇ ದಿನ ಬೆಳಕು, ನಾಲ್ಕನೇ ದಿನ ಸೂರ್ಯ ಚಂದ್ರ. ಎರಡನೇ ದಿನ ಆಕಾಶ ಮತ್ತು ನೀರು, ಐದನೇ ದಿನ ಹಕ್ಕಿ ಮತ್ತು ಮೀನು. ಮೂರನೇ ದಿನ ನೆಲ ಮತ್ತು ಹಸಿರು, ಆರನೇ ದಿನ ಪ್ರಾಣಿ ಮತ್ತು ಮನುಷ್ಯ. ಬರೆದವರು ಇದನ್ನು ಸುಮ್ನೆ ಬರೆದಿಲ್ಲ. ಸೂರ್ಯ ನಾಲ್ಕನೇ ದಿನ ಬಂದದ್ದು ಮರೆವಿನಿಂದಲ್ಲ, ಬೇಕೆಂದೇ. ಸುತ್ತಲಿನ ಜನ ಸೂರ್ಯಚಂದ್ರರನ್ನೇ ದೇವರೆಂದು ಪೂಜಿಸುತ್ತಿದ್ದರು. ಈ ಕಥೆ ಅವುಗಳ ಹೆಸರನ್ನೂ ಹೇಳುವುದಿಲ್ಲ. ದೊಡ್ಡ ದೀಪ, ಚಿಕ್ಕ ದೀಪ, ಅಷ್ಟೇ.

ಇನ್ನು ಒಳಗಿನ ಅರ್ಥ. ನನ್ನ ಮನಸ್ಸಿಗೆ ತೀರಾ ಹತ್ತಿರದ್ದು ಇದೇ. ಕಥೆ ಶುರುವಾಗುವಾಗ ಕತ್ತಲು, ಕ್ರಮವಿಲ್ಲದ ನೀರು, ಅದರ ಮೇಲೆ ದೇವರ ಆತ್ಮ. ಇದು ನಮ್ಮೊಳಗಿನ ಸ್ಥಿತಿಯೂ ಹೌದು. ದೇವರು ಒಬ್ಬ ಮನುಷ್ಯನನ್ನು ಹೊಸದಾಗಿ ಮಾಡುವಾಗ ಇದೇ ಕ್ರಮದಲ್ಲಿ ಮಾಡುತ್ತಾರೆ ಎಂಬುದು ಹಳೆಯ ಓದು. ಅದನ್ನು ತುಂಬಾ ವಿವರವಾಗಿ ಬರೆದವರು ಸ್ವೀಡನ್ನಿನ ಎಮಾನುವೆಲ್ ಸ್ವೀಡನ್‌ಬೊರ್ಗ್ (1688–1772). ಅವರು ಗಣಿ ಇಲಾಖೆಯಲ್ಲಿ ಕೆಲಸ ಮಾಡಿದ ವಿಜ್ಞಾನಿ. ನಮ್ಮ ಧರ್ಮಸಭೆಯವರಲ್ಲ, ಅವರ ಎಷ್ಟೋ ಮಾತುಗಳನ್ನು ನಾನು ಒಪ್ಪುವುದೂ ಇಲ್ಲ. ಆದರೆ ಬೆಳಕಿನ ಬಗ್ಗೆ ಅವರು ಹೇಳಿದ್ದು ನನಗೆ ನಿಜ ಅನ್ನಿಸುತ್ತದೆ. ಮೊದಲನೇ ದಿನದ ಬೆಳಕು ಎಂದರೆ, ನನಗಿಂತ ದೊಡ್ಡದಾದ ಒಳ್ಳೆಯದೊಂದು ಇದೆ ಎಂದು ಮನುಷ್ಯನಿಗೆ ಮೊದಲ ಸಲ ಹೊಳೆಯುವುದು. ನಾಲ್ಕನೇ ದಿನದ ಸೂರ್ಯಚಂದ್ರರು ಎಂದರೆ, ಪ್ರೀತಿ ಮತ್ತು ವಿಶ್ವಾಸ ಅವನೊಳಗೆ ನೆಲೆಯಾಗುವುದು. ತಿಳಿವು ಮೊದಲು ಬರುತ್ತದೆ, ಪ್ರೀತಿ ನೆಲೆಯಾಗಲು ಸಮಯ ಬೇಕು.

ನಮ್ಮ ವಾರ್ಡಿನಲ್ಲಿ ಒಬ್ಬರಿದ್ದರು. ದಿನಾ ಕುಡಿಯುತ್ತಿದ್ದರು. ಒಂದು ಸಂಜೆ ಮಗಳು ಬಸ್ ಪಾಸಿನ ದುಡ್ಡನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಡುವುದನ್ನು ನೋಡಿದರು. ಬಚ್ಚಿಡುತ್ತಿದ್ದದ್ದು ಅವರಿಂದಲೇ. ಅವತ್ತೇ ಕುಡಿತ ಬಿಟ್ಟರಾ? ಇಲ್ಲ. ಅಂದು ರಾತ್ರಿಯೂ ಕುಡಿದರು. ಆದರೆ ಏನೋ ಒಂದು ಕಂಡುಹೋಗಿತ್ತು. ಅದನ್ನು ಕಾಣದ ಹಾಗೆ ಮಾಡಲು ಅವರಿಂದ ಆಗಲಿಲ್ಲ. ಸೂರ್ಯ ಇನ್ನೂ ಇರಲಿಲ್ಲ ಅಮ್ಮ, ಬೆಳಕು ಮಾತ್ರ ಇತ್ತು.

ಎರಡನೇ ದಿನ ದೇವರು ನೀರನ್ನು ನೀರಿನಿಂದ ಬೇರೆ ಮಾಡುತ್ತಾರೆ. ನಿಮ್ಮ ಬೈಬಲ್ ತೆಗೆದು ನೋಡಿ. ಉಳಿದ ದಿನಗಳಲ್ಲೆಲ್ಲ 'ಒಳ್ಳೆಯದು' ಎಂಬ ಮಾತಿದೆ, ಎರಡನೇ ದಿನಕ್ಕೆ ಇಲ್ಲ. ಮೂರನೇ ದಿನಕ್ಕೆ ಎರಡು ಸಲ ಇದೆ. ಯೆಹೂದಿ ಗುರುಗಳು ಇದಕ್ಕೆ ಕಾರಣ ಹುಡುಕಿದರು. ನೀರಿನ ಕೆಲಸ ಎರಡನೇ ದಿನ ಮುಗಿಯಲಿಲ್ಲ, ಮೂರನೇ ದಿನ ಮುಗಿಯಿತು, ಅರ್ಧ ಕೆಲಸಕ್ಕೆ 'ಒಳ್ಳೆಯದು' ಎನ್ನುವುದಿಲ್ಲ ಎಂದರು ಕೆಲವರು. ಅಂದು ಒಡಕು ಹುಟ್ಟಿತು, ಅದಕ್ಕೇ ಎಂದರು ಇನ್ನು ಕೆಲವರು. ನಾನು ಹೇಳಿದವರ ಎರಡನೇ ದಿನವೂ ಹಾಗೇ ಇತ್ತು. ಬಾರ್ ಇದ್ದ ದಾರಿ ಬಿಟ್ಟು ಸುತ್ತಿ ಮನೆಗೆ ಬರತೊಡಗಿದರು. ಹಳೆಯ ಗೆಳೆಯರು ದೂರವಾದರು. ಕೈ ನಡುಗುತ್ತಿತ್ತು, ನಿದ್ದೆ ಇರಲಿಲ್ಲ, ಮನೆಯಲ್ಲಿ ಸಿಡುಕು. ಹೆಂಡತಿಗೂ 'ಒಳ್ಳೆಯದಾಯಿತು' ಅನ್ನಿಸಲಿಲ್ಲ. ಈ ಹಂತದಲ್ಲೇ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಯಾರಾದರೂ ಅವರ ಪಕ್ಕದಲ್ಲಿ ಕೂತು, 'ಇದು ಎರಡನೇ ದಿನ, ಇನ್ನೂ ಮುಗಿದಿಲ್ಲ' ಎಂದು ಹೇಳಬೇಕು.

ಮೂರನೇ ದಿನ ನೆಲ ಕಾಣುತ್ತದೆ, ಹಸಿರು ಬರುತ್ತದೆ. ಅವರು ಹಿತ್ತಲಲ್ಲಿ ಬಸಳೆ ಚಪ್ಪರ ಹಾಕಿದರು. ದೊಡ್ಡ ಸಾಧನೆ ಏನಲ್ಲ. ಆದರೆ ದಿನಾ ಸಂಜೆ ಅದಕ್ಕೆ ನೀರು ಹಾಕಲು ಮನೆಯಲ್ಲಿರಬೇಕಿತ್ತು. ಮಗಳ ಮೇಲಿನ ಪ್ರೀತಿ ಅವರ ದಿನವನ್ನು ಸೂರ್ಯನ ಹಾಗೆ ನಡೆಸತೊಡಗಿದ್ದು ತುಂಬಾ ತಡವಾಗಿ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏಳನೇ ದಿನದ ಬಗ್ಗೆ ಒಂದು ಮಾತು. ಆರು ದಿನಗಳಿಗೂ 'ಸಂಜೆಯಾಯಿತು, ಬೆಳಿಗ್ಗೆಯಾಯಿತು' ಎಂದಿದೆ. ಏಳನೆಯದಕ್ಕೆ ಇಲ್ಲ. ಆ ದಿನಕ್ಕೆ ಸಂಜೆಯಿಲ್ಲ, ಅದು ಮುಳುಗುವುದಿಲ್ಲ ಎಂದು ಅಗಸ್ಟೀನರು ಬರೆದರು. ದೇವರ ವಿಶ್ರಾಂತಿ ಇನ್ನೂ ತೆರೆದೇ ಇದೆ, ನಮಗೂ ಅದರೊಳಗೆ ಜಾಗವಿದೆ ಎಂದು ನಾನು ನಂಬುತ್ತೇನೆ. ಮಗನಿಗೆ ಇದನ್ನು ಈಗಲೇ ಹೇಳಬೇಕೆಂದಿಲ್ಲ. ಅವನು ಪ್ರಾರ್ಥನೆಗೆ ಕೂತರೆ ಸಾಕು, ಪ್ರಶ್ನೆ ಜೊತೆಗೇ ಕೂರಲಿ.

ಪ್ರಶ್ನೆ: ನಾವು ಮೀನುಗಾರರು. ಬೈಬಲಿನಲ್ಲಿ ಸಮುದ್ರ ಎಂದರೆ ಕತ್ತಲು, ಕೆಟ್ಟದ್ದು ಎಂದು ಒಬ್ಬರು ಪ್ರಸಂಗದಲ್ಲಿ ಹೇಳಿದರು. ನಮಗೆ ಅನ್ನ ಕೊಡುವುದೇ ಸಮುದ್ರ. ಬೇಸರವಾಯಿತು. (ಮಲ್ಪೆ)

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು ಅಣ್ಣ. ಸಮುದ್ರವನ್ನು ಕೆಡುಕಿನ ಗುರುತಾಗಿ ಓದುವ ಪದ್ಧತಿ ಇದೆ, ನಿಜ. ಅಗಸ್ಟೀನರೂ ಉಪ್ಪು ನೀರನ್ನು ಕಹಿಯಾದ ಮನುಷ್ಯಕುಲದ ಸಂಕೇತ ಎಂದರು. ಇಲ್ಲಿ ನಾನು ಅವರ ಜೊತೆ ಪೂರ್ತಿ ಹೋಗುವುದಿಲ್ಲ. ಆದಿಕಾಂಡದ ಮೊದಲನೇ ಅಧ್ಯಾಯದ 22ನೇ ವಚನ ಓದಿ. ಇಡೀ ಬೈಬಲಿನ ಮೊತ್ತಮೊದಲ ಆಶೀರ್ವಾದ ಅಲ್ಲಿದೆ. ಅದು ಸಿಕ್ಕಿದ್ದು ಮನುಷ್ಯನಿಗಲ್ಲ, ಮೀನಿಗೆ ಮತ್ತು ಹಕ್ಕಿಗೆ. ಹೆಚ್ಚಿರಿ, ಸಮುದ್ರವನ್ನು ತುಂಬಿಕೊಳ್ಳಿರಿ ಎಂದು.

ಬಾಬಿಲೋನಿನವರ ಕಥೆಯಲ್ಲಿ ಸಮುದ್ರವೇ ಒಬ್ಬ ರಾಕ್ಷಸಿ, ತಿಯಾಮತ್. ಮರ್ದುಕ ದೇವ ಅವಳನ್ನು ಕೊಂದು, ಎರಡು ಸೀಳು ಮಾಡಿ, ಆಕಾಶ ಭೂಮಿ ಮಾಡುತ್ತಾನೆ. ಯೆಹೂದ್ಯರು ಬಾಬಿಲೋನಿನಲ್ಲಿ ಸೆರೆ ಇದ್ದವರು, ಆ ಕಥೆ ಅವರ ಕಿವಿಗೆ ಬಿದ್ದೇ ಇರುತ್ತದೆ. ಆದರೆ ಆದಿಕಾಂಡದಲ್ಲಿ ಯುದ್ಧವೇ ಇಲ್ಲ. ದೇವರು ಸಮುದ್ರವನ್ನು ಕೊಲ್ಲುವುದಿಲ್ಲ, ಮಾತಾಡಿ ಅದಕ್ಕೊಂದು ಎಲ್ಲೆ ಕೊಡುತ್ತಾರೆ, ಆಮೇಲೆ ಜೀವ ತುಂಬುತ್ತಾರೆ. ದೊಡ್ಡ ದೊಡ್ಡ ಜಲಚರಗಳನ್ನೂ ಅವರೇ ಸೃಷ್ಟಿಸುತ್ತಾರೆ.

ಒಳಗಿನ ಅರ್ಥ ಬೇಕೆಂದರೆ ಹೀಗೆ ತೆಗೆದುಕೊಳ್ಳಿ: ನಮ್ಮೊಳಗೆ ಆಳದಲ್ಲಿರುವ ಸಿಟ್ಟು, ಆಸೆ, ಭಯ ಯಾವುದನ್ನೂ ದೇವರು ಕೊಲ್ಲಲು ಬರುವುದಿಲ್ಲ. ಎಲ್ಲೆ ಕೊಡುತ್ತಾರೆ, ಜೀವ ಕೊಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಮ್ಮ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವಲ್ಲ, ಮೀನು ಮರಿ ಮಾಡಲಿ ಎಂದು. ಆ 22ನೇ ವಚನದ ಆಶೀರ್ವಾದವನ್ನು ನಮ್ಮ ಕರಾವಳಿ ಪಾಲಿಸುವ ರೀತಿ ಅದು ಎಂದು ನನಗೆ ಪ್ರತಿ ಮಳೆಗಾಲವೂ ಅನ್ನಿಸುತ್ತದೆ.

ಪ್ರಶ್ನೆ: ನಾನು ರಥಬೀದಿಯ ಹತ್ತಿರದವನು, ಮಾಧ್ವ ಮನೆತನ. ನಿಮ್ಮ ಅಂಕಣವನ್ನು ತಪ್ಪದೆ ಓದುತ್ತೇನೆ. ಸೃಷ್ಟಿ ಸಾಂಕೇತಿಕ ಎಂದಾದರೆ ಜಗತ್ತು ಮಾಯೆ ಎಂದ ಹಾಗಾಯಿತಲ್ಲವೇ? ಋಗ್ವೇದದ ನಾಸದೀಯ ಸೂಕ್ತದ ಜೊತೆ ಇದಕ್ಕೆ ಹೋಲಿಕೆ ಇದೆಯೇ? (ಉಡುಪಿ)

ಉತ್ತರ: ನಮಸ್ಕಾರ. ಕಥೆಯ ದಿನಗಳು ಸಾಂಕೇತಿಕ, ಜಗತ್ತು ಅಲ್ಲ. ಜಗತ್ತು ನಿಜ, ಒಳ್ಳೆಯದು ಕೂಡ. ಈ ವಿಷಯದಲ್ಲಿ ನೀವೂ ನಾವೂ ಪಕ್ಕಪಕ್ಕದಲ್ಲಿದ್ದೇವೆ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಜಗತ್ತು ಸತ್ಯ ಎಂದರು, ದೇವರು, ಜೀವ, ಜಡ ಇವುಗಳ ನಡುವಿನ ಐದು ಭೇದಗಳೂ ಸತ್ಯ ಎಂದರು. ಆದಿಕಾಂಡದಲ್ಲೂ ದೇವರು ಬೇರೆ ಬೇರೆ ಮಾಡುತ್ತಲೇ ಸೃಷ್ಟಿಸುತ್ತಾರೆ: ಬೆಳಕನ್ನು ಕತ್ತಲಿನಿಂದ, ಸಮುದ್ರವನ್ನು ನೆಲದಿಂದ, ಪ್ರತಿಯೊಂದನ್ನೂ ಅದರದರ ಜಾತಿಗೆ ತಕ್ಕ ಹಾಗೆ. ಎಲ್ಲವನ್ನೂ ಒಂದರಲ್ಲಿ ಕರಗಿಸುವ ಸಾಂಕೇತಿಕ ವ್ಯಾಖ್ಯಾನಗಳು ಈಗ ಬಹಳ ಓಡಾಡುತ್ತವೆ. ನನಗೆ ಅವು ಹಿಡಿಸುವುದಿಲ್ಲ. ಕಥೆ ಅಷ್ಟು ಕಷ್ಟಪಟ್ಟು ಬೇರೆ ಮಾಡಿದ್ದನ್ನು ನಾವು ಮತ್ತೆ ಕಲಸಿಬಿಡುವುದೇಕೆ?

ವ್ಯತ್ಯಾಸವನ್ನೂ ಹೇಳಬೇಕು. ನಿಮ್ಮಲ್ಲಿ ಪ್ರಕೃತಿ ಅನಾದಿ, ದೇವರು ಅದರಿಂದ ಜಗತ್ತನ್ನು ರೂಪಿಸುತ್ತಾರೆ. ನಮ್ಮ ನಂಬಿಕೆಯಲ್ಲಿ ದೇವರು ಏನೂ ಇಲ್ಲದೆ ಸೃಷ್ಟಿಸುತ್ತಾರೆ. ಈ ಮಾತು ನಮ್ಮ ಬೈಬಲಿನ ಮಕ್ಕಬಿಯರ ಎರಡನೇ ಪುಸ್ತಕದಲ್ಲಿ ಸ್ಪಷ್ಟವಾಗಿ ಬರುತ್ತದೆ. ಹೇಳಿದವರು ಪಂಡಿತರಲ್ಲ, ಕಣ್ಣೆದುರೇ ಏಳು ಗಂಡುಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ಒಬ್ಬ ತಾಯಿ. ಇನ್ನು ನಾಸದೀಯ ಸೂಕ್ತ. ಅಲ್ಲೂ ಕತ್ತಲನ್ನು ಮುಚ್ಚಿದ ಕತ್ತಲಿದೆ, ನೀರಿದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಸೂಕ್ತ ಕೊನೆಗೆ ಪ್ರಶ್ನೆಯಲ್ಲಿ ನಿಲ್ಲುತ್ತದೆ, ಯಾರು ಬಲ್ಲರು ಎಂದು. ಆದಿಕಾಂಡ ಒಂದು ದನಿಯನ್ನು ಕೇಳಿಸುತ್ತದೆ, 'ಬೆಳಕಾಗಲಿ' ಎಂದು. ಎರಡನ್ನೂ ಒಂದೇ ಎನ್ನದೆ, ಎರಡನ್ನೂ ಗೌರವದಿಂದ ಓದೋಣ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ನರ್ಸ್. ಹವ್ವಳಿಂದಲೇ ಪಾಪ ಬಂತು ಎಂಬ ಮಾತನ್ನು ಮನೆಯಲ್ಲಿ, ಕೆಲಸದಲ್ಲಿ, ತಮಾಷೆಯಲ್ಲಿ ಕೇಳಿ ಕೇಳಿ ಸಾಕಾಗಿದೆ. ಸಾಂಕೇತಿಕ ಅರ್ಥದಲ್ಲಾದರೂ ಹೆಣ್ಣಿಗೆ ಮರ್ಯಾದೆ ಇದೆಯಾ?

ಉತ್ತರ: ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸಾಂಕೇತಿಕ ಅರ್ಥ ಎಂದ ಕೂಡಲೇ ಹೆಣ್ಣಿಗೆ ಮರ್ಯಾದೆ ಸಿಗುತ್ತದೆ ಎಂದೇನಿಲ್ಲ. ಯೇಸುವಿನ ಕಾಲದಲ್ಲೇ ಬದುಕಿದ್ದ ಫಿಲೋ ಎಂಬ ಯೆಹೂದಿ ಪಂಡಿತರು ಆದಾಮ ಎಂದರೆ ಬುದ್ಧಿ, ಹವ್ವ ಎಂದರೆ ಇಂದ್ರಿಯ, ಸರ್ಪ ಎಂದರೆ ಸುಖದಾಸೆ ಎಂದು ಬರೆದರು. ಆಸೆ ಇಂದ್ರಿಯವನ್ನು ಹಿಡಿಯುತ್ತದೆ, ಇಂದ್ರಿಯ ಬುದ್ಧಿಯನ್ನು ಕೆಡಿಸುತ್ತದೆ. ಮನಸ್ಸು ಜಾರುವ ಬಗೆಗೆ ಇದು ಒಳ್ಳೆಯ ವಿವರಣೆ. ಆದರೆ ಗಂಡು ಬುದ್ಧಿ, ಹೆಣ್ಣು ಬರೀ ಇಂದ್ರಿಯ ಎಂದು ಹಂಚಿದ್ದನ್ನು ನಾನು ಒಪ್ಪಲಾರೆ. ಆ ಹಂಚಿಕೆಯ ಭಾರವನ್ನು ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಹೊತ್ತರು!

ಕಥೆಯನ್ನೇ ನೋಡು. ಮೊದಲನೇ ಅಧ್ಯಾಯದಲ್ಲಿ ಗಂಡು ಹೆಣ್ಣು ಇಬ್ಬರೂ ದೇವರ ರೂಪದಲ್ಲೇ ಆಗುತ್ತಾರೆ. ಎರಡನೇ ಅಧ್ಯಾಯದಲ್ಲಿ ದೇವರು ಆದಾಮನ ಪಕ್ಕೆಲುಬಿನಿಂದ ಹೆಣ್ಣನ್ನು ಮಾಡುತ್ತಾರೆ. ಅದರ ಬಗ್ಗೆ 12ನೇ ಶತಮಾನದಲ್ಲಿ ಪ್ಯಾರಿಸ್ಸಿನ ಧರ್ಮಪಂಡಿತ ಪೀಟರ್ ಲೊಂಬಾರ್ಡ್ ಹೇಳಿದ್ದು: ಆಳಲಿ ಎಂದು ತಲೆಯಿಂದ ತೆಗೆಯಲಿಲ್ಲ, ದಾಸಿಯಾಗಲಿ ಎಂದು ಕಾಲಿನಿಂದಲೂ ತೆಗೆಯಲಿಲ್ಲ, ಜೊತೆಗಿರಲಿ ಎಂದು ಪಕ್ಕದಿಂದ ತೆಗೆದರು. ದೇವರು ಬೇಡವೆಂದಿದ್ದ ಹಣ್ಣನ್ನು ಹವ್ವ ತಿನ್ನುವಾಗ ಗಂಡನೂ ಅಲ್ಲೇ ಜೊತೆಗಿದ್ದ ಎಂದು ಮೂರನೇ ಅಧ್ಯಾಯ ಸೂಚಿಸುತ್ತದೆ. ಅವನು ಒಂದು ಮಾತೂ ಆಡಲಿಲ್ಲ. ಆಮೇಲೆ ದೇವರು ಕೇಳಿದಾಗ 'ನೀನು ಕೊಟ್ಟ ಹೆಂಗಸೇ ಕೊಟ್ಟಳು' ಎಂದ. ಒಂದೇ ಉಸಿರಿನಲ್ಲಿ ಹೆಂಡತಿಯ ಮೇಲೂ ದೇವರ ಮೇಲೂ ತಪ್ಪು ಹೊರಿಸಿದ. ನಿನ್ನನ್ನು ತಮಾಷೆ ಮಾಡುವವರು ಆಡುವುದು ಆದಾಮನ ಅದೇ ಮಾತು. ಮುಂದಿನ ಸಲ ಅದನ್ನು ಅವರಿಗೆ ನೇರವಾಗಿ ಹೇಳು.

ಪ್ರಶ್ನೆ: ಚಿಕ್ಕ ಮಕ್ಕಳಿಗೆ ಈ ಕಥೆಯನ್ನು ಹೇಗೆ ಹೇಳಿಕೊಡುವುದು? ಸಂಕೇತ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. (ಧರ್ಮೋಪದೇಶದ ಶಿಕ್ಷಕಿ, ಶಿರ್ವ)

ಉತ್ತರ: ಸಂಕೇತ ಎಂಬ ಮಾತೇ ಬೇಡ. ಕಥೆಯನ್ನು ಕಥೆಯಾಗಿ, ರಾಗವಾಗಿ ಓದಿ. 'ಸಂಜೆಯಾಯಿತು, ಬೆಳಿಗ್ಗೆಯಾಯಿತು' ಎಂಬಲ್ಲಿ ಮಕ್ಕಳು ದನಿಗೂಡಿಸಲಿ. ಸೇಬಿನ ಚಿತ್ರ ಬಿಡಿಸಬೇಡಿ, ಬೈಬಲ್ ಆ ಹಣ್ಣಿನ ಹೆಸರೇ ಹೇಳಿಲ್ಲ. ದೇವರು ಮೊದಲು ಕೊಟ್ಟ ಊಟ ಕಾಳು ಮತ್ತು ಹಣ್ಣು, ಮಾಂಸಕ್ಕೆ ಒಪ್ಪಿಗೆ ಸಿಕ್ಕಿದ್ದು ಜಲಪ್ರಳಯದ ನಂತರ ಎಂದು ಹೇಳಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಮನೆಯಲ್ಲಿ ಮೀನು, ಮಾಂಸ ಬಿಟ್ಟು ಹೊಸ ಅಕ್ಕಿಯ ಊಟ ಮಾಡುವ ಮಕ್ಕಳಿಗೆ ಅದು ಥಟ್ಟನೆ ತಿಳಿಯುತ್ತದೆ. ಸೂರ್ಯನಿಗಿಂತ ಮೊದಲು ಬೆಳಕು ಹೇಗೆ ಎಂದು ಯಾವುದಾದರೂ ಮಗು ಕೇಳಿದರೆ ಚಪ್ಪಾಳೆ ತಟ್ಟಿಸಿ. ಉತ್ತರವನ್ನು ದೊಡ್ಡವನಾದ ಮೇಲೆ ಹೇಳುತ್ತೇನೆ ಎಂದು ಮುಂದೂಡಬೇಡಿ. 'ಈ ಕಥೆ ಗಡಿಯಾರದ ಸಮಯ ಹೇಳುವುದಿಲ್ಲ, ದೇವರ ಕೆಲಸ ಹೇಳುತ್ತದೆ' ಎಂದರೆ ಏಳು ವರ್ಷದ ಮಗುವಿಗೂ ಸಾಕು.

ನೋಹನ ನಾವೆಯ ಬಗ್ಗೆ ಬರೆದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.